ಮನೆಯಲ್ಲೇ ಪಿಸಿಬಿ: ಸ್ಕ್ರೀನ್ ಪ್ರಿಂಟಿಂಗ್ ಕೈಹಿಡಿದ ಬಗೆ

ಒಂದೇ ಪಿಸಿಬಿ, ಅಂದರೆ ಬಿಡಿಭಾಗಗಳನ್ನು ತಾಮ್ರದ ಗೆರೆಗಳಿಂದ ಜೋಡಿಸುವ ಸರ್ಕ್ಯೂಟ್ ಬೋರ್ಡ್, ಬೇಕಿದ್ದರೆ ಸ್ಕ್ರೀನ್ ಪ್ರಿಂಟಿಂಗ್ ತಂಟೆಗೇ ಹೋಗಬೇಡಿ. ನಕ್ಷೆಯ ಲೇಸರ್ ಪ್ರಿಂಟ್ ತೆಗೆದು, ತಾಮ್ರದ ಮೇಲಿಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದರೆ ಸಾಕು. ನನಗೆ ಬೇಕಿದ್ದದ್ದು ಟ್ಯಾಂಕ್ ತುಂಬಿದಾಗ ಮೋಟಾರ್ ನಿಲ್ಲಿಸುವ ಒಂದೇ ಥರದ ಬೋರ್ಡುಗಳು. ನೆಂಟರೆಲ್ಲ ಕೇಳಿದ್ದರು. ಎಲ್ಲಕ್ಕೂ ಇಸ್ತ್ರಿ ಉಜ್ಜುತ್ತಾ ಕೂರೋಕಾಗುತ್ತಾ?

ತಾಮ್ರ ಹೊದಿಸಿದ ಬೋರ್ಡ್, ಬೇಡದ ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಚೌಕಟ್ಟು, ಅದಕ್ಕೆ ಬಿಗಿಯುವ ಬಲೆಬಟ್ಟೆ (ಮೆಶ್), ಇಂಕ್ ಎಳೆಯುವ ರಬ್ಬರ್ ಪಟ್ಟಿ (ಸ್ಕ್ವೀಜಿ) ಇವಕ್ಕೆ ಮದುವೆ ಕಾರ್ಡ್ ಮುದ್ರಿಸುವವರು ಸಾಮಾನು ಕೊಳ್ಳುವ ಅಂಗಡಿಗೇ ಹೋದೆ. ಟೀ ಶರ್ಟಿಗೆ ಬಳಸುವ ಒರಟು ಮೆಶ್ ಬೇಡ, ಸೆಂಟಿಮೀಟರಿಗೆ 120 ಎಳೆ ಇರುವುದು ಬೇಕು. ಅದಕ್ಕೆ ಬೆಳಕಿಗೆ ಗಟ್ಟಿಯಾಗುವ ಎಮಲ್ಶನ್ ಬಳಿಯಬೇಕು. ಎಮಲ್ಶನ್‌ಗೆ ಬೆರೆಸುವ ರಾಸಾಯನಿಕಗಳಲ್ಲಿ ಡೈಕ್ರೋಮೇಟ್ ಅಗ್ಗ ನಿಜ, ಆದರೆ ಅದು ವಿಷ. ಅದರ ಬದಲು ನಾನು ಡಯಾಜೋ ತಗೊಂಡೆ.

ಇಸ್ತ್ರಿ ವಿಧಾನಕ್ಕೆ ಬಾಟಮ್ ಲೇಯರನ್ನು (ಬೋರ್ಡಿನ ಕೆಳಮುಖದ ತಾಮ್ರದ ನಕ್ಷೆ) ಮಿರರ್ ಮಾಡದೆ, ಅಂದರೆ ಎಡಬಲ ತಿರುಗಿಸದೆ ಪ್ರಿಂಟ್ ತೆಗೆಯುತ್ತೇವೆ ಅಲ್ವಾ, ಇಲ್ಲಿ ಅದು ಉಲ್ಟಾ. ಮಿರರ್ ಮಾಡಿ ಪಾರದರ್ಶಕ ಫಿಲ್ಮಿನ ಮೇಲೆ ಪ್ರಿಂಟ್ ತೆಗೆದು, ಅದರ ಟೋನರ್ (ಮಸಿ) ಮುಖವನ್ನು ಎಮಲ್ಶನ್ ಬಳಿದ ಸ್ಕ್ರೀನಿನ ಅಡಿಭಾಗಕ್ಕೆ ತಾಗಿಸಿ, ಮೇಲೆ ಗಾಜು ಹೇರಿ ಬಿಸಿಲಿಗಿಡಬೇಕು. ಕಪ್ಪು ಗೆರೆಯ ಕೆಳಗೆ ಬೆಳಕು ಬೀಳುವುದಿಲ್ಲ, ಅಲ್ಲಿ ಎಮಲ್ಶನ್ ಗಟ್ಟಿಯಾಗದೆ ನೀರಿಗೆ ತೊಳೆದುಹೋಗುತ್ತದೆ. ಆ ಸಂದಿಯಲ್ಲೇ ಇಂಕ್ ಇಳಿಯೋದು.

ಇಡೀ ಕೆಲಸದಲ್ಲಿ ಜಾಸ್ತಿ ಗಮನ ಬೇಡುವುದು ಮೆಶ್ ಮತ್ತು ಬೋರ್ಡ್ ನಡುವಿನ ಅಂತರ. ಸುಮಾರು 2 ಮಿ.ಮೀ. ಇರಲಿ. ನಾನು ಚೌಕಟ್ಟಿನ ಮೂಲೆಗಳ ಕೆಳಗೆ ನಾಣ್ಯ ಇಟ್ಟು ಹೊಂದಿಸಿಕೊಂಡೆ. ಸ್ಕ್ವೀಜಿ ಮುಂದೆ ಸರಿದ ಹಾಗೆ ಹಿಂದಿನ ಮೆಶ್ ತಾನಾಗೇ ಮೇಲೇಳಬೇಕು. ಅಂಟಿಕೊಂಡೇ ಇದ್ದರೆ ಗೆರೆಗಳ ಅಂಚು ಕದಡಿ ಪಕ್ಕಪಕ್ಕದ ಪ್ಯಾಡುಗಳು (ಬೆಸುಗೆ ಹಾಕುವ ತಾಮ್ರದ ಜಾಗಗಳು) ಕೂಡಿಕೊಳ್ಳುತ್ತವೆ. ಬೋರ್ಡ್ ಅಲುಗದಂತೆ ಎರಡು ಬದಿಗೆ ಹಳೇ ಬೋರ್ಡಿನ ಪಟ್ಟಿ ಅಂಟಿಸಿದೆ, ಅದೇ 1.6 ಮಿ.ಮೀ. ದಪ್ಪದ್ದು. ತಾಮ್ರವನ್ನು ಸ್ಕಾಚ್‌ಬ್ರೈಟಿನಲ್ಲಿ ತಿಕ್ಕಿದ ಮೇಲೆ ಬೆರಳು ಸೋಕಿಸಬೇಡಿ. ಇಂಕ್ ಎಣ್ಣೆ ಬೇಸಿನದು. ಒಂದೇ ಎಳೆತ, ಎರಡನೇದು ಬೇಡ.

ಪೂರ್ತಿ ಒಣಗಿದ ಮೇಲೆ ಬೋರ್ಡನ್ನು ಫೆರಿಕ್ ಕ್ಲೋರೈಡಿನಲ್ಲಿ ತಾಮ್ರದ ಮುಖ ಕೆಳಗಾಗಿ ಮುಳುಗಿಸುತ್ತೇನೆ, ಇಂಕ್ ಇಲ್ಲದ ಕಡೆಯ ತಾಮ್ರ ಕರಗಿ ಗಸಿ ತಳಕ್ಕಿಳಿಯುತ್ತದೆ. ಪ್ಲಾಸ್ಟಿಕ್ ಟ್ರೇಯನ್ನು ಬಿಸಿನೀರಿನ ಬಕೆಟ್ ಮೇಲಿಟ್ಟರೆ ಬೇಗ ಆಗುತ್ತದೆ. ಗ್ಲೌಸ್ ಬೇಕೇ ಬೇಕು. ಬಟ್ಟೆಗೆ ಬಿದ್ದರೆ ಆ ಕಂದು ಕಲೆ ಹೋಗೋದೇ ಇಲ್ಲ. ಉಳಿದ ದ್ರಾವಣದಲ್ಲಿ ತಾಮ್ರ ಇರುತ್ತದೆ, ಚರಂಡಿಗೆ ಸುರಿಯಬಾರದು. ನಾನು ಮುಚ್ಚಿದ ಡಬ್ಬಿಯಲ್ಲಿಟ್ಟು ಮತ್ತೆ ಬಳಸುತ್ತೇನೆ.

ಅರ್ಧ ಮಿ.ಮೀ. ಗೆರೆ ನಿರಾಳವಾಗಿ ಬರುತ್ತದೆ. ಅದಕ್ಕಿಂತ ಸಣ್ಣ ಕಾಲಿನ ಎಸ್‌ಎಂಡಿ ಐಸಿಗಳಿಗೆ (ಬೋರ್ಡಿನ ಮೇಲ್ಮೈಗೇ ಬೆಸೆಯುವ ಚಿಪ್ಪುಗಳು) ನಾನು ಹೊರಗಡೆಯೇ ಬೋರ್ಡ್ ಮಾಡಿಸುತ್ತೇನೆ.