ಹೊಟ್ಟೆಯ ಕೊಬ್ಬು ಕೆನ್ನೆಗೆ: ಮಾಡಿಸಿಕೊಳ್ಳುವ ಮೊದಲು ತಿಳಿದಿರಬೇಕಾದ ಹಂತಗಳು

“ಹೊಟ್ಟೆಯಲ್ಲಿ ಬೇಡದ ಕೊಬ್ಬು ಇಷ್ಟೊಂದು ಇದೆಯಲ್ಲ ಸಿಸ್ಟರ್, ಅದನ್ನೇ ತೆಗೆದು ಕೆನ್ನೆಗೆ ಹಾಕಿದರೆ ಆಗದೇ?” ಮುಂಬಯಿಯ ಪ್ಲಾಸ್ಟಿಕ್ ಸರ್ಜರಿ ಥಿಯೇಟರುಗಳಲ್ಲಿ ನರ್ಸ್ ಆಗಿ ಕೆಲಸ ಮಾಡುವ ನನಗೆ ಮಾಟುಂಗಾ, ಮುಲುಂಡ್, ಡೊಂಬಿವಿಲಿ ಕಡೆಯಿಂದ ಬರುವ ನಮ್ಮವರು ಪಿಸುದನಿಯಲ್ಲಿ ಕೇಳುವ ಪ್ರಶ್ನೆ ಇದು. ಕನ್ನಡ ಮಾತನಾಡುವವಳು ಸಿಕ್ಕಳೆಂಬ ಧೈರ್ಯದಲ್ಲಿ ಕೇಳುತ್ತಾರೆ. ಆಗುತ್ತದೆ ಎಂಬುದೇ ನನ್ನ ಉತ್ತರ. 1893ರಲ್ಲಿಯೇ ಜರ್ಮನಿಯ ಶಸ್ತ್ರವೈದ್ಯ ಗುಸ್ತಾವ್ ನ್ಯೂಬರ್ ತೋಳಿನ ಕೊಬ್ಬನ್ನು ತೆಗೆದು ಮುಖದ ಮೇಲೆ ಗುಳಿಬಿದ್ದಿದ್ದ ಕಲೆಯನ್ನು ತುಂಬಿದ್ದರು. ಆದರೆ ಹಾಗೆ ಹಾಕಿದ ಕೊಬ್ಬು ಎಷ್ಟೋ ಬಾರಿ ಕರಗಿ ಹೋಗುತ್ತಿತ್ತು. ಅದು ಉಳಿಯುವಂತೆ ಮಾಡುವ ಕ್ರಮವನ್ನು 1990ರ ದಶಕದಲ್ಲಿ ನ್ಯೂಯಾರ್ಕಿನ ಸಿಡ್ನಿ ಕೋಲ್ಮನ್ ಖಚಿತವಾಗಿ ರೂಪಿಸಿದರು. ಇಂದು ಮುಂಬಯಿಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಆ ಕ್ರಮವನ್ನೇ ಆಧರಿಸಿದೆ.

ಒಂದು ವಿಷಯ ಮನಸ್ಸಿಗೆ ಹತ್ತಿದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಗುಳಿ ತುಂಬಲು ಚುಚ್ಚುವ, ಅಂಗಡಿಯಿಂದ ಬರುವ ಫಿಲ್ಲರ್ ಒಂದು ವಸ್ತು. ನಿಮ್ಮ ಕೊಬ್ಬು ಜೀವವಿರುವ ಅಂಗಾಂಶ. ಅದನ್ನು ಕಿತ್ತು ಬೇರೆಡೆ ಇಟ್ಟಾಗ ಅದಕ್ಕೆ ರಕ್ತ ಸಿಗಬೇಕು, ಇಲ್ಲದಿದ್ದರೆ ಅದು ಸಾಯುತ್ತದೆ. ನೇಜಿ (ಭತ್ತದ ಸಸಿ) ಕಿತ್ತು ನಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಬುಡ ಜಜ್ಜಬಾರದು, ಬಿಸಿಲಿನಲ್ಲಿ ಒಣಗಬಾರದು, ಮುಷ್ಟಿಗಟ್ಟಲೆ ಒಂದೇ ಕಡೆ ತುರುಕಬಾರದು. ಮೊದಲ ಕೆಲವು ದಿನ ಕೊಬ್ಬಿನ ಕಣಗಳು ಸುತ್ತಲಿನ ದ್ರವವನ್ನೇ ಹೀರಿಕೊಂಡು ಬದುಕುತ್ತವೆ. ಅಷ್ಟರಲ್ಲಿ ಹೊಸ ರಕ್ತನಾಳಗಳು ಅವುಗಳತ್ತ ಬೆಳೆಯಲು ತೊಡಗುತ್ತವೆ. ದಪ್ಪ ಉಂಡೆಯಾಗಿ ಇಟ್ಟರೆ ಅಂಚಿನ ಒಂದೆರಡು ಮಿಲಿಮೀಟರ್ ಮಾತ್ರ ಉಳಿದು ನಡುಭಾಗ ಸತ್ತುಹೋಗುತ್ತದೆ. ಆ ಸತ್ತ ಭಾಗ ಎಣ್ಣೆಯ ಗಂಟಾಗಿಯೋ ಗಟ್ಟಿ ಹರಳಾಗಿಯೋ ಕೈಗೆ ಸಿಗುತ್ತದೆ.

ಮೊದಲ ಹಂತ: ನಿಮಗೆ ಇದು ಬೇಕೇ?

ವಯಸ್ಸಾದಂತೆ ಕಣ್ಣಿನ ಕೆಳಗೆ, ಕೆನ್ನೆಯಲ್ಲಿ, ಹಣೆಯ ಎರಡೂ ಬದಿಯಲ್ಲಿ ಕೊಬ್ಬು ಕುಗ್ಗುತ್ತದೆ. ಬೇಗನೆ ತೂಕ ಇಳಿಸಿಕೊಂಡವರ ಮುಖವೂ ಸೊರಗುತ್ತದೆ. ಇಂಥ ಕಡೆ ಹೆಚ್ಚು ತುಂಬುವಿಕೆ ಬೇಕಿದ್ದರೆ ಸ್ವಂತ ಕೊಬ್ಬು ಒಳ್ಳೆಯ ಆಯ್ಕೆ. ಒಂದೇ ಒಂದು ಸಣ್ಣ ಗೆರೆಗಾಗಿ ಆಪರೇಷನ್ ಟೇಬಲ್ ಮೇಲೆ ಮಲಗುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಅದಕ್ಕೆ ಹಯಲುರಾನಿಕ್ ಆಮ್ಲದ ಫಿಲ್ಲರ್ ಸಾಕು. ಅದು ಕಾಲಕ್ರಮದಲ್ಲಿ ಕರಗುತ್ತದೆ. ಮೆಚ್ಚುಗೆಯಾಗದಿದ್ದರೆ ಹಯಲುರಾನಿಡೇಸ್ ಎಂಬ ಇಂಜೆಕ್ಷನ್‌ನಿಂದ ಕರಗಿಸಲೂ ಬರುತ್ತದೆ. ಕೊಬ್ಬಿಗೆ ಅಂಥ ಮರುಮದ್ದು ಇಲ್ಲ. ಉಳಿದುಕೊಂಡದ್ದು ವರ್ಷಗಟ್ಟಲೆ ಇರುತ್ತದೆ. ಚೆನ್ನಾಗಿದ್ದರೆ ಅದೇ ಲಾಭ, ಗಂಟಾಗಿದ್ದರೆ ಅದೇ ತೊಂದರೆ.

ಅಪಘಾತದ ಗುಳಿ, ಸುಟ್ಟ ಗಾಯದ ಕಲೆ, ಮುಖದ ಒಂದು ಬದಿಯೇ ಸೊರಗುವ ಪ್ಯಾರಿ ರಾಂಬರ್ಗ್ ಕಾಯಿಲೆ ಇವುಗಳಲ್ಲಿಯೂ ಇದೇ ವಿಧಾನ ಬಳಕೆಯಲ್ಲಿದೆ. ಅಂಥವರು ದುಬಾರಿ ಕ್ಲಿನಿಕ್ಕಿನ ಬಾಗಿಲು ತಟ್ಟುವ ಮೊದಲು ಪರೇಲಿನ ಕೆ.ಇ.ಎಂ., ಸಯನ್, ನಾಯರ್ ಆಸ್ಪತ್ರೆಗಳ ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ವಿಚಾರಿಸಬೇಕು. ಇವು ಪಾಲಿಕೆಯ ಆಸ್ಪತ್ರೆಗಳು ಎಂಬ ಕಾರಣಕ್ಕೆ ನಮ್ಮವರು ಅತ್ತ ತಿರುಗಿಯೂ ನೋಡುವುದಿಲ್ಲ. ಆದರೆ ಈ ವಿದ್ಯೆಯನ್ನು ಕಲಿಸುವ ಜಾಗಗಳೇ ಅವು.

ಈಗ ಬೇಡ ಎನ್ನಬೇಕಾದವರೂ ಇದ್ದಾರೆ. ಸಿಗರೇಟ್ ಬಿಡದವರಿಗೆ ಬೇಡ, ಏಕೆಂದರೆ ನಿಕೋಟಿನ್ ರಕ್ತನಾಳಗಳನ್ನು ಬಿಗಿಮಾಡಿ ಹೊಸ ಕೊಬ್ಬನ್ನು ಹಸಿವಿನಲ್ಲಿ ಕೆಡವುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಗರ್ಭಿಣಿಯರು, ಹಲ್ಲಿನಲ್ಲೋ ಚರ್ಮದಲ್ಲೋ ಸೋಂಕು ಇರುವವರು ಕಾಯಬೇಕು. ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರು ತೂಕ ಒಂದು ಕಡೆ ನಿಂತ ಮೇಲೆಯೇ ಬರಬೇಕು. ಕೆನ್ನೆಗೆ ಹೋದ ಹೊಟ್ಟೆಯ ಕೊಬ್ಬು ಹೊಟ್ಟೆಯ ಗುಣವನ್ನು ಬಿಡುವುದಿಲ್ಲ: ನೀವು ದಪ್ಪಗಾದರೆ ಅದೂ ಹಿಗ್ಗುತ್ತದೆ, ಸಣ್ಣಗಾದರೆ ಕುಗ್ಗುತ್ತದೆ.

ಎರಡನೆಯ ಹಂತ: ಯಾರ ಕೈಗೆ ಮುಖ ಕೊಡುತ್ತೀರಿ?

ನನಗೆ ಅತಿ ಹೆಚ್ಚು ಕಳವಳ ಇರುವುದು ಇಲ್ಲಿ. ಎಂ.ಬಿ.ಬಿ.ಎಸ್. ಆದ ಮೇಲೆ ಜನರಲ್ ಸರ್ಜರಿ, ಅದರ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಎಂಬ ಉನ್ನತ ಪದವಿ ಮಾಡಿದವರು ಈ ಕೆಲಸಕ್ಕೆ ತರಬೇತಾದ ಶಸ್ತ್ರವೈದ್ಯರು. ‘ಕಾಸ್ಮೆಟಿಕ್ ತಜ್ಞ’ ಎಂಬ ಬೋರ್ಡಿನಿಂದ ಏನೂ ತಿಳಿಯುವುದಿಲ್ಲ. ಹೆಸರು ಕೇಳಿಕೊಂಡು ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತಿನ ನೋಂದಣಿ ಪಟ್ಟಿಯಲ್ಲಿ ಹುಡುಕಿ. ಪದವಿ ಅಲ್ಲಿ ದಾಖಲಾಗಿದೆಯೇ ನೋಡಿ. ಹಾಗೆ ನೋಡುವುದು ಅಪನಂಬಿಕೆಯಲ್ಲ, ನಿಮ್ಮ ಹಕ್ಕು. ಪಾರ್ಲರಿನ ಹಿಂದಿನ ಕೋಣೆಯಲ್ಲಿ ಮಾಡಿಕೊಡುತ್ತೇವೆ ಎಂದವರ ಹತ್ತಿರ ಹಬ್ಬದ ರಿಯಾಯಿತಿ ಎಷ್ಟಿದ್ದರೂ ಹೋಗಬೇಡಿ. ಆಮ್ಲಜನಕ, ಅರಿವಳಿಕೆ ತಜ್ಞರು, ತುರ್ತು ಔಷಧ, ಉಪಕರಣಗಳನ್ನು ಆಟೋಕ್ಲೇವ್ ಮಾಡುವ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿರಹಿತಗೊಳಿಸುವ ವ್ಯವಸ್ಥೆ ಇರುವ ಥಿಯೇಟರಿನಲ್ಲಿಯೇ ಇದು ನಡೆಯಬೇಕು. ನಲ್ಲಿ ನೀರಿನಲ್ಲಿ ತೊಳೆದ ಕೊಳವೆಯಿಂದ ಬರುವ ಒಂದು ಬಗೆಯ ಮೈಕೋಬ್ಯಾಕ್ಟೀರಿಯಾ ಸೋಂಕು ವಾರಗಳ ನಂತರ ಗಂಟುಗಂಟಾಗಿ ತಲೆಯೆತ್ತುತ್ತದೆ. ಅದನ್ನು ವಾಸಿಮಾಡಲು ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಗುತ್ತದೆ.

ವೈದ್ಯರ ಎದುರು ಕುಳಿತಾಗ ಈ ಪ್ರಶ್ನೆಗಳನ್ನು ಕೇಳಿ: ಎಲ್ಲಿಂದ ತೆಗೆಯುತ್ತೀರಿ, ಎಲ್ಲೆಲ್ಲಿ ಎಷ್ಟು ಮಿಲಿಲೀಟರ್ ಹಾಕುತ್ತೀರಿ, ಎಷ್ಟು ಉಳಿಯಬಹುದು, ಕಣ್ಣಿಗೆ ಅಪಾಯವಾದರೆ ನಿಮ್ಮ ವ್ಯವಸ್ಥೆ ಏನು? ಹಾಕಿದ್ದೆಲ್ಲ ಉಳಿಯುತ್ತದೆ ಎಂದು ಭರವಸೆ ಕೊಟ್ಟರೆ ಎದ್ದು ಬನ್ನಿ. ಮೂರರಲ್ಲಿ ಒಂದು ಪಾಲಿನಿಂದ ಮೂರರಲ್ಲಿ ಎರಡು ಪಾಲಿನವರೆಗೆ ಉಳಿಯಬಹುದು. ಜನರಿಂದ ಜನರಿಗೆ, ಜಾಗದಿಂದ ಜಾಗಕ್ಕೆ ಬಹಳ ವ್ಯತ್ಯಾಸವಿದೆ. ಕೊಬ್ಬಿನಲ್ಲಿರುವ ಸ್ಟೆಮ್ ಸೆಲ್‌ನಿಂದ ಯೌವನ ಮರಳುತ್ತದೆ ಎಂಬ ಜಾಹೀರಾತಿಗೂ ಮರುಳಾಗಬೇಡಿ.

ಹಣದ ಮಾತು ಬರಹದಲ್ಲಿರಲಿ. ಶಸ್ತ್ರವೈದ್ಯರು, ಅರಿವಳಿಕೆ, ಥಿಯೇಟರ್, ಕೊಬ್ಬು ತೆಗೆದ ಜಾಗಕ್ಕೆ ಆಮೇಲೆ ತೊಡುವ ಬಿಗಿ ಉಡುಪು, ಎರಡನೆಯ ಸಲ ಬೇಕಾದರೆ ಅದರ ಶುಲ್ಕ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಚೆಲುವಿಗಾಗಿ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುವುದಿಲ್ಲ, ಜಿ.ಎಸ್.ಟಿ. ಬೇರೆ ಬೀಳುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆಯಾದರೆ ವಿಮಾ ಕಂಪನಿಯನ್ನು ಮೊದಲೇ ಕೇಳಿ.

ಮೂರನೆಯ ಹಂತ: ಮನೆಯ ತಯಾರಿ

ಕನಿಷ್ಠ ನಾಲ್ಕು ವಾರ ಮೊದಲೇ ಧೂಮಪಾನ ನಿಲ್ಲಿಸಿ. ಆಸ್ಪಿರಿನ್, ಕೆಲವು ನೋವುನಿವಾರಕಗಳು, ವಿಟಮಿನ್ ಇ, ಮೀನೆಣ್ಣೆಯ ಮಾತ್ರೆ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಊರಿನಿಂದ ತರಿಸಿದ ಕಷಾಯ, ಲೇಹ್ಯಗಳನ್ನೂ ಮುಚ್ಚಿಡದೆ ಹೇಳಿ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುಮಾಡುವ ಮಾತ್ರೆಯನ್ನು ತಾವಾಗಿಯೇ ಬಿಡಬಾರದು, ಅದನ್ನು ಹೃದಯತಜ್ಞರೇ ತೀರ್ಮಾನಿಸಬೇಕು. ಮುಖದ ಫೋಟೊಗಳನ್ನು ಎದುರಿನಿಂದ, ಎರಡೂ ಬದಿಯಿಂದ, ಒಂದೇ ಬೆಳಕಿನಲ್ಲಿ ತೆಗೆಸಿಡಿ. ಮಗಳ ಮದುವೆ ಎರಡು ವಾರ ಇದೆ ಎನ್ನುವಾಗ ಬಂದು ಕೇಳುವವರಿದ್ದಾರೆ. ಬಾವು ಇಳಿದು ರೂಪ ನಿಲ್ಲಲು ಮೂರ್ನಾಲ್ಕು ತಿಂಗಳು ಬೇಕು, ಮುಹೂರ್ತದಿಂದ ಹಿಂದಕ್ಕೆ ಅಷ್ಟು ಎಣಿಸಿಕೊಳ್ಳಿ.

ನಾಲ್ಕನೆಯ ಹಂತ: ಥಿಯೇಟರಿನೊಳಗೆ

ನೀವು ಕುಳಿತಿರುವಾಗಲೇ ವೈದ್ಯರು ಪೆನ್ನಿನಿಂದ ಗುರುತು ಹಾಕುತ್ತಾರೆ. ಮಲಗಿದ ಮೇಲೆ ಕೆನ್ನೆಯ ಗುಳಿ ಜಾಗ ಬದಲಿಸುತ್ತದೆ. ಮುಖಕ್ಕೆ ಬೇಕಾದ ಕೊಬ್ಬು ಕೆಲವು ಚಮಚದಷ್ಟೇ. ಹೊಟ್ಟೆ, ಸೊಂಟದ ಬದಿ, ತೊಡೆಯ ಒಳಭಾಗ ಇವುಗಳಲ್ಲಿ ಒಂದು ಕಡೆಯಿಂದ ಸಿಕ್ಕಿಬಿಡುತ್ತದೆ. ಹಾಗಾಗಿ ಹೊಟ್ಟೆ ಕರಗಿತು ಎಂದು ನಿರೀಕ್ಷಿಸಬೇಡಿ. ಸ್ಥಳೀಯ ಅರಿವಳಿಕೆಯ ಜೊತೆ ಮಂಪರು ಕೊಡುವುದು ಸಾಮಾನ್ಯ, ಹೆಚ್ಚು ಜಾಗವಿದ್ದರೆ ಪೂರ್ಣ ಅರಿವಳಿಕೆ.

ಮೊದಲು ಸಲೈನಿನಲ್ಲಿ ಮರಗಟ್ಟಿಸುವ ಲಿಡೊಕೇನ್ ಮತ್ತು ರಕ್ತನಾಳ ಮುದುಡಿಸುವ ಅಡ್ರಿನಲಿನ್ ಬೆರೆಸಿದ ದ್ರವವನ್ನು ಕೊಬ್ಬಿರುವ ಜಾಗಕ್ಕೆ ತುಂಬುತ್ತಾರೆ. ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ 1987ರಲ್ಲಿ ಪ್ರಕಟಿಸಿದ ವಿಧಾನವಿದು. ಸ್ವಲ್ಪ ಹೊತ್ತಿನಲ್ಲಿ ಚರ್ಮ ಬಿಳಿಚಿಕೊಳ್ಳುತ್ತದೆ, ಅಂದರೆ ರಕ್ತನಾಳಗಳು ಮುದುಡಿವೆ. ಅವಸರ ಮಾಡದೆ ಆ ಬಿಳಿಚುವಿಕೆಗೆ ಕಾಯುವ ವೈದ್ಯರ ಕೈಯಲ್ಲಿ ರಕ್ತ ಕಡಿಮೆ ಬರುತ್ತದೆ. ಆಮೇಲೆ ಅಕ್ಕಿಕಾಳಿನಷ್ಟು ತೂತಿನಿಂದ ಮೊಂಡು ತುದಿಯ ಕೊಳವೆಯನ್ನು ಇಳಿಸಿ, ಹತ್ತು ಮಿಲಿಲೀಟರಿನ ಸಿರಿಂಜಿನ ಹಿಡಿಯನ್ನು ಒಂದೆರಡು ಮಿಲಿಲೀಟರಿನಷ್ಟು ಮಾತ್ರ ಹಿಂದಕ್ಕೆಳೆದು, ಕೈಯಿಂದಲೇ ಮೆಲ್ಲಗೆ ಆಡಿಸುತ್ತಾರೆ. ದೊಡ್ಡ ಯಂತ್ರದ ಜೋರು ಸೆಳೆತಕ್ಕೆ ಕೋಶಗಳು ಒಡೆಯುತ್ತವೆ.

ತುಂಬಿದ ಸಿರಿಂಜುಗಳನ್ನು ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸುವುದು, ಅನೇಕ ಕಡೆ ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಪದರ ಬೇರ್ಪಡಿಸುವುದು ಮುಂದಿನ ಕೆಲಸ. ಕೋಲ್ಮನ್ ಹೇಳಿದ್ದು ನಿಮಿಷಕ್ಕೆ 3000 ಸುತ್ತಿನಂತೆ 3 ನಿಮಿಷ. ಹೊರಬಂದ ಸಿರಿಂಜಿನಲ್ಲಿ ಮೂರು ಪದರ ಸ್ಪಷ್ಟವಾಗಿರುತ್ತವೆ. ತಳದಲ್ಲಿ ರಕ್ತ ಬೆರೆತ ಗುಲಾಬಿ ನೀರು, ನಡುವೆ ಅರಿಸಿನ ಬಣ್ಣದ ಕೊಬ್ಬು, ಮೇಲೆ ಒಡೆದ ಕೋಶಗಳಿಂದ ಬಂದ ತಿಳಿ ಎಣ್ಣೆ. ತಳದ ಮುಚ್ಚಳ ತೆಗೆದರೆ ನೀರು ಇಳಿದುಹೋಗುತ್ತದೆ. ಮೇಲಿನ ಎಣ್ಣೆಯನ್ನು ಸುರಿದು, ಉಳಿದದ್ದನ್ನು ಬಟ್ಟೆಯ ಬತ್ತಿಗೆ ಹೀರಿಸುತ್ತೇವೆ. ಎಣ್ಣೆ ಉಳಿದರೆ ಉರಿಯೂತ, ನೀರು ಉಳಿದರೆ ನಾಲ್ಕು ದಿನದ ಸುಳ್ಳು ತುಂಬುವಿಕೆ. ನಡುವಿನ ಆ ಹಳದಿ ಪದರವಷ್ಟೇ ಒಂದು ಮಿಲಿಲೀಟರಿನ ಪುಟ್ಟ ಸಿರಿಂಜುಗಳಿಗೆ ಹೋಗುತ್ತದೆ. ಗಾಳಿಗೆ ಒಣಗದಂತೆ ಈ ಕೆಲಸ ಚುರುಕಾಗಿ ಮುಗಿಯಬೇಕು.

ಮುಖಕ್ಕೆ ಹಾಕುವಾಗ ನಿಮ್ಮ ವೈದ್ಯರು ನಿಧಾನಿಗಳಾಗಿದ್ದರೆ ನಿಮ್ಮ ಪುಣ್ಯ. ಮೊಂಡು ಕೊಳವೆಯನ್ನು ಒಳಕ್ಕೆ ತೂರಿಸಿ, ಹಿಂದಕ್ಕೆ ಎಳೆಯುವಾಗ ಮಾತ್ರ ಕೊಬ್ಬು ಬಿಡಬೇಕು. ಕೆನ್ನೆಯಲ್ಲಿ ಒಂದು ಸಲಕ್ಕೆ ಮಿಲಿಲೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚಲ್ಲ, ಕಣ್ಣಿನ ಕೆಳಗೆ ಮೂವತ್ತನೆಯ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಎಲುಬಿನ ಹತ್ತಿರ ಒಂದು ಪದರ, ಸ್ನಾಯುವಿನ ಬಳಿ ಇನ್ನೊಂದು, ಚರ್ಮದ ಕೆಳಗೆ ಮತ್ತೊಂದು, ಹೀಗೆ ಹತ್ತಾರು ದಿಕ್ಕಿನಿಂದ ಹೆಣೆಯುತ್ತಾರೆ. ಪ್ರತಿ ಎಳೆಯ ಸುತ್ತಲೂ ರಕ್ತವಿರುವ ಅಂಗಾಂಶ ಇರಲಿ ಎಂಬುದೇ ಇದರ ಉದ್ದೇಶ. ಹೇಗೂ ಕರಗುತ್ತದಲ್ಲ ಎಂದು ಎರಡು ಪಟ್ಟು ತುಂಬುವುದು ಕೆಟ್ಟ ಅಭ್ಯಾಸ. ಕಣ್ಣಿನ ಕೆಳಗಿನ ತೆಳು ಚರ್ಮದಲ್ಲಿ ಎದ್ದ ಗಂಟನ್ನು ಆಮೇಲೆ ತೆಗೆಯುವುದು ಬಲು ಕಷ್ಟ.

ಅಪಾಯದ ಮಾತನ್ನು ಮುಚ್ಚಿಡಲಾರೆ. ಕೊಬ್ಬು ರಕ್ತನಾಳದೊಳಗೆ ಹೊಕ್ಕು ಹಿಮ್ಮುಖವಾಗಿ ಕಣ್ಣಿನ ರಕ್ತನಾಳಕ್ಕೆ ತಲುಪಿದರೆ ದೃಷ್ಟಿ ಹೋಗಬಹುದು, ಮಿದುಳಿಗೆ ಹೋದರೆ ಪಾರ್ಶ್ವವಾಯು ಆಗಬಹುದು. ಇದು ಬಹಳ ವಿರಳ. ಆದರೂ ಫಿಲ್ಲರ್ ಅಥವಾ ಕೊಬ್ಬು ಚುಚ್ಚಿದ್ದರಿಂದ ದೃಷ್ಟಿ ಹೋದ 98 ಪ್ರಕರಣಗಳನ್ನು ಒಟ್ಟುಮಾಡಿ 2015ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಸುಮಾರು ಅರ್ಧದಷ್ಟು ಸ್ವಂತ ಕೊಬ್ಬಿನಿಂದಲೇ ಆದವು. ಹುಬ್ಬುಗಳ ನಡುವೆ ಮತ್ತು ಮೂಗಿನ ಮೇಲೆ ಅಪಾಯ ಹೆಚ್ಚು. ಚೂಪು ಸೂಜಿಯ ಬದಲು ಮೊಂಡು ಕೊಳವೆ, ಕಡಿಮೆ ಒತ್ತಡ, ಕಡಿಮೆ ಪ್ರಮಾಣ ಈ ಮೂರೂ ಅಪಾಯವನ್ನು ತಗ್ಗಿಸುತ್ತವೆ, ಇಲ್ಲವಾಗಿಸುವುದಿಲ್ಲ. ನಮ್ಮದೇ ಕೊಬ್ಬು, ಏನಾದೀತು ಎಂಬ ಮಾತನ್ನು ಬಿಡಿ.

ಐದನೆಯ ಹಂತ: ಮನೆಗೆ ಬಂದ ಮೇಲೆ

ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಮನೆಗೆ ಕಳಿಸುತ್ತಾರೆ. ಸಂಜೆಯ ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಹೋಗಬೇಡಿ. ಜೊತೆಗೊಬ್ಬರು ಇರಲಿ, ಟ್ಯಾಕ್ಸಿ ಮಾಡಿಕೊಳ್ಳಿ. ಮೊದಲ ಎರಡು ಮೂರು ದಿನ ಮುಖ ಗುರುತು ಸಿಗದಷ್ಟು ಊದುತ್ತದೆ, ನೀಲಿಗಟ್ಟುತ್ತದೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ. ಹೆಚ್ಚಿನ ಬಾವು ಎರಡು ವಾರದಲ್ಲಿ ಇಳಿಯುತ್ತದೆ. ತಲೆಯನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು ಅಂಗಾತ ಮಲಗಿ. ಕೆನ್ನೆಯನ್ನು ಒತ್ತುವುದು, ತಿಕ್ಕುವುದು, ಫೇಶಿಯಲ್, ಎಣ್ಣೆ ಮಾಲೀಶು ಕೆಲವು ವಾರ ಬೇಡ. ನೋಡಲು ಬಂದ ಅತ್ತೆ, ಚಿಕ್ಕಮ್ಮಂದಿರು ಅಕ್ಕರೆಯಿಂದ ಕೆನ್ನೆ ಹಿಡಿಯುವುದೂ ಬೇಡ. ಕೊಬ್ಬು ತೆಗೆದ ಜಾಗಕ್ಕೆ ಕೊಟ್ಟ ಬಿಗಿ ಉಡುಪು ಮುಂಬಯಿಯ ಸೆಕೆಯಲ್ಲಿ ಹಿಂಸೆಯೇ ಸರಿ, ಆದರೂ ಹೇಳಿದಷ್ಟು ದಿನ ತೊಡಬೇಕು. ಎರಡು ಜೊತೆ ಕೊಂಡರೆ ಒಗೆದು ಒಣಗಿಸಲು ಅನುಕೂಲ.

ಕಣ್ಣು ಮಂಜಾಗುವುದು, ಕಣ್ಣಿನಲ್ಲಿ ವಿಪರೀತ ನೋವು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ಚರ್ಮ ಬಿಳುಪಾಗಿ ಅಥವಾ ಬಲೆಬಲೆಯಾಗಿ ನೀಲಿಯಾಗುವುದು, ಉಸಿರು ಕಟ್ಟುವುದು, ಕಾಲಿನ ಮೀನಖಂಡ ಊದಿ ನೋಯುವುದು ಕಂಡರೆ ಗಡಿಯಾರ ನೋಡದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಧಾವಿಸಿ. ಜ್ವರ, ಹೆಚ್ಚುತ್ತಿರುವ ಕೆಂಪು, ಕೀವು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ.

ಮೊದಲ ತಿಂಗಳ ಕೊನೆಗೆ “ಎಲ್ಲ ಕರಗಿಹೋಯಿತು” ಎಂದು ಅಳುತ್ತ ಫೋನ್ ಮಾಡುವವರು ಬಹಳ. ಇಳಿದದ್ದರಲ್ಲಿ ಹೆಚ್ಚಿನ ಪಾಲು ಬಾವು. ನಾಲ್ಕನೆಯ ತಿಂಗಳಲ್ಲಿ ಅದೇ ಬೆಳಕಿನಲ್ಲಿ ಫೋಟೊ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿ. ಆಗಲೂ ಕೊರತೆ ಕಂಡರೆ ಎರಡನೆಯ ಸಲ ಮಾಡಿಸಿಕೊಳ್ಳಬಹುದು. ಉಳಿದ ಕೊಬ್ಬನ್ನು ನಿಮಗಾಗಿ ಫ್ರೀಜರಿನಲ್ಲಿ ಇಟ್ಟಿದ್ದೇವೆ, ಅದನ್ನೇ ಹಾಕುತ್ತೇವೆ ಎಂದು ಕೆಲವು ಕಡೆ ಹೇಳುತ್ತಾರೆ. ಸಾಮಾನ್ಯ ಫ್ರೀಜರಿನಲ್ಲಿ ಕೋಶಗಳು ಬದುಕುವುದಿಲ್ಲ, ಸೋಂಕಿನ ಭಯ ಬೇರೆ. ಅದಕ್ಕೆ ಒಪ್ಪದೆ, ಆ ದಿನ ಆ ಟೇಬಲ್ಲಿನ ಮೇಲೆಯೇ ಹೊಸದಾಗಿ ತೆಗೆಯಲು ಹೇಳಿ.