ಒತ್ತಡದ ಜೊತೆಗೇ ಓದುವುದು: ವಿದ್ಯಾರ್ಥಿಗಳಿಗೆ ಆಕ್ಟ್ ಕಲಿಸುವ ಬಗೆ

ಆಕ್ಟ್, ಅಂದರೆ ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ, 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ರೂಪಿಸಿದ್ದು. ಕಾಡುವ ಯೋಚನೆ, ಭಯಗಳನ್ನು ಓಡಿಸದೆ, ಅವು ಇದ್ದಾಗಲೂ ತನಗೆ ಮುಖ್ಯವಾದದ್ದನ್ನು ಮಾಡಲು ಕಲಿಸುವ ಮನೋಚಿಕಿತ್ಸೆ ಇದು. ಇದಕ್ಕೆ ಆರು ಅಂಗಗಳಿವೆ. ಆರನ್ನೂ ಮೊದಲ ದಿನವೇ ಹಲಗೆಯ ಮೇಲೆ ಬರೆಯಬೇಡಿ. ಮಕ್ಕಳು ಅದನ್ನೂ ಬಾಯಿಪಾಠ ಮಾಡಿಬಿಡುತ್ತಾರೆ.

ಯೋಚನೆಯಿಂದ ಒಂದಿಷ್ಟು ದೂರ ನಿಲ್ಲುವುದರಿಂದ ಶುರು ಮಾಡಿ. ಪ್ರತಿಯೊಬ್ಬರೂ ತಮ್ಮನ್ನು ಕಾಡುವ ಒಂದು ಮಾತನ್ನು ಚೀಟಿಯಲ್ಲಿ ಬರೆಯಲಿ: ‘ನಾನು ಫೇಲಾಗ್ತೀನಿ.’ ಅದರ ಕೆಳಗೆ, ‘ನಾನು ಫೇಲಾಗ್ತೀನಿ ಅನ್ನೋ ಯೋಚನೆ ಬರ್ತಿದೆ.’ ಮೂರನೇ ಸಾಲು, ‘ಆ ಯೋಚನೆ ಬರ್ತಿರೋದನ್ನ ನಾನು ಗಮನಿಸ್ತಿದ್ದೀನಿ.’ ಒಂದೊಂದು ಸಾಲನ್ನೂ ಮನಸ್ಸಿನಲ್ಲೇ ನಿಧಾನವಾಗಿ ಓದಿ, 10 ಸೆಕೆಂಡ್ ಸುಮ್ಮನಿರಬೇಕು. ಚೀಟಿಯನ್ನು ಯಾರಿಗೂ ತೋರಿಸಬೇಕಿಲ್ಲ ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ನಿಜವಾಗಿ ಕಾಡುವುದನ್ನು ಯಾರೂ ಬರೆಯುವುದಿಲ್ಲ.

‘ಮಾಡಿದೆ, ಆದ್ರೆ ಭಯ ಹೋಗಲಿಲ್ಲ’ ಎಂಬ ದೂರು ಖಂಡಿತ ಬರುತ್ತದೆ. ಎಡವುವುದು ಇಲ್ಲೇ. ಭಯವನ್ನು ಓಡಿಸಲು ಹೊರಟಷ್ಟೂ ಗಮನವೆಲ್ಲ ಅದರ ಮೇಲೇ ಕೂರುತ್ತದೆ. ಎದೆ ಡವಡವ ಎನ್ನುತ್ತಿರುವಾಗಲೇ ಪುಸ್ತಕ ತೆರೆಯಲು ಸಾಧ್ಯವಾದರೆ ಅಭ್ಯಾಸ ಕೆಲಸ ಮಾಡಿದೆ ಎಂದರ್ಥ. ಭಯಕ್ಕೆ ಹೀಗೆ ಜಾಗ ಕೊಡುವುದೇ ಸ್ವೀಕಾರ. ಹಾಗೆಂದು ಸ್ವೀಕಾರವೆಂದರೆ ಎಲ್ಲವನ್ನೂ ಸಹಿಸುವುದಲ್ಲ: ಯಾರಾದರೂ ಪೀಡಿಸುತ್ತಿದ್ದರೆ ಆ ಪೀಡನೆ ನಿಲ್ಲಬೇಕು.

ಆಮೇಲೆ ಮೌಲ್ಯ. ‘90 ಅಂಕ’ ಎನ್ನುವುದು ಗುರಿ, ಬಂದರೆ ಮುಗಿಯಿತು. ‘ಕುತೂಹಲದಿಂದ ಕಲಿಯುವುದು’ ಮೌಲ್ಯ, ಅದು ಮುಗಿಯದ ದಾರಿ. ಅದಕ್ಕೆ ಹೊಂದುವ, 24 ಗಂಟೆಯೊಳಗೆ ಆಗುವ ಒಂದೇ ಕೆಲಸ ಬರೆಸಿ. ‘ಚೆನ್ನಾಗಿ ಓದ್ತೀನಿ’ ಸಾಲದು, ‘ಸಂಜೆ 6ಕ್ಕೆ ಎರಡು ಲೆಕ್ಕ’ ಆಗಬಹುದು.

ಸಾವಿನ ಮಾತಾಡುವ ವಿದ್ಯಾರ್ಥಿಗೆ ಚೀಟಿ ಕೊಡಬೇಡಿ. ಒಂಟಿಯಾಗಿ ಬಿಡದೆ, ಕೂಡಲೇ ಮಾನಸಿಕ ಆರೋಗ್ಯ ತಜ್ಞರ ಬಳಿ ಕರೆದೊಯ್ಯಿರಿ.