ಉದ್ರಿ ಪುಸ್ತಕದಿಂದ ಪ್ರೈವೇಟ್ ಈಕ್ವಿಟಿವರೆಗೆ

ದಾವಣಗೆರೆಯಲ್ಲಿ ಅಪ್ಪನದು ಕಿರಾಣಿ ಅಂಗಡಿ. ಗಿರಾಕಿಗಳೆಲ್ಲ ಹೆಚ್ಚಾಗಿ ಹತ್ತಿ ಗಿರಣಿಯ ಕೆಲಸಗಾರರು. ತಿಂಗಳಿಡೀ ಉದ್ರಿ, ಸಂಬಳದ ದಿನ ಚುಕ್ತಾ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಪುಸ್ತಕದಲ್ಲಿ ಅಪ್ಪನಿಗೆ ಬರಬೇಕಾದ ಹಣ ಬೇಕಾದಷ್ಟಿತ್ತು, ಗಲ್ಲಾಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ಅಂಗಡಿ ಹೋಯಿತು. ನನ್ನನ್ನು ತುಮಕೂರಿನ ಸಿದ್ಧಗಂಗಾ ಮಠಕ್ಕೆ ಸೇರಿಸಿದರು. ಅಲ್ಲಿ ಊಟ, ವಸತಿ, ಓದು ಎಲ್ಲ ಉಚಿತ. ಆ ಮಠ ಇಲ್ಲದಿದ್ದರೆ ನಾನೂ ಯಾವುದೋ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದೆ.

ಸಿಎ ಹಿಡಿದದ್ದು ಆರ್ಟಿಕಲ್‌ಶಿಪ್‌ನಲ್ಲಿ, ಅಂದರೆ ಓದುತ್ತಲೇ ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯುವಾಗ, ಸ್ವಲ್ಪ ಸ್ಟೈಪೆಂಡ್ ಬರುತ್ತದೆ ಎಂಬ ಕಾರಣಕ್ಕೆ. ಆಡಿಟ್‌ಗೆಂದು ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಿಗೆ ಹೋದರೆ ಅಲ್ಲೂ ಅಪ್ಪನ ಪಾಡೇ! ಒಳ್ಳೆಯ ಮಾಲು, ಕೈತುಂಬ ಆರ್ಡರ್, ಕಾಗದದ ಮೇಲೆ ಲಾಭ. ದುಡ್ಡೆಲ್ಲ ದೊಡ್ಡ ಗಿರಾಕಿಗಳ ಹತ್ತಿರ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಮುಂದಿನ ಆರ್ಡರ್ ತಪ್ಪೀತೆಂದು ಯಾರೂ ಗಟ್ಟಿಯಾಗಿ ಕೇಳುವುದಿಲ್ಲ.

ಆಮೇಲೆ ಬ್ಯಾಂಕಿನ ಸಾಲ ವಿಭಾಗ, ಅಲ್ಲಿಂದ ಒಂದು ಪ್ರೈವೇಟ್ ಈಕ್ವಿಟಿ (ಪಿಇ) ಫಂಡ್. ಪಿಇ ಎಂದರೆ ಸಾಲ ಕೊಡುವುದಲ್ಲ. ಹೂಡಿಕೆದಾರರ ಹಣದಲ್ಲಿ ಕಂಪನಿಯ ಪಾಲು ಕೊಂಡು, ಆಡಳಿತ ಮಂಡಳಿಯಲ್ಲಿ ಕೂತು, ಬೆಳೆಸಿ, ಕೆಲವು ವರ್ಷಗಳ ನಂತರ ಪಾಲು ಮಾರಿ ಹೊರಬರುವುದು.

ಸ್ವಂತ ಫಂಡ್ ಕಟ್ಟುವುದು ನಿಜಕ್ಕೂ ಕಷ್ಟ. ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ 2012ರ ನಿಯಮದಂತೆ ಸಾಮಾನ್ಯವಾಗಿ ಒಬ್ಬ ಹೂಡಿಕೆದಾರ ಕನಿಷ್ಠ 1 ಕೋಟಿ ಹಾಕಬೇಕು. ನಮ್ಮಂಥ ಫಂಡ್ ನಡೆಸುವವರೂ ಫಂಡಿನ ಮೊತ್ತದ 2.5% ಅಥವಾ 5 ಕೋಟಿ, ಯಾವುದು ಕಡಿಮೆಯೋ ಅಷ್ಟನ್ನು ತಾವೇ ಇಡಬೇಕು. 100 ಕೋಟಿಯ ಫಂಡಿಗೆ ಎರಡೂವರೆ ಕೋಟಿ! ನಾನೂ ನನ್ನ ಪಾಲುದಾರರೂ ವರ್ಷಗಟ್ಟಲೆ ಕೂಡಿಟ್ಟ ಬೋನಸ್ ಎಲ್ಲ ಅದಕ್ಕೇ ಹೋಯಿತು. ಆದರೂ ಈ ನಿಯಮ ಸರಿಯೇ. ಬೇರೆಯವರ ದುಡ್ಡು ಮುಳುಗಿದರೆ ನಮ್ಮದೂ ಮುಳುಗಬೇಕು, ಅಲ್ವಾ?

ದೊಡ್ಡ ದುಡ್ಡಿನವರು ನಮ್ಮನ್ನು ಬೇಗ ನಂಬಲಿಲ್ಲ. ಮೊದಲು ಹಣ ಹಾಕಿದವರು ಆಡಿಟ್ ದಿನಗಳಿಂದ ನನ್ನನ್ನು ಬಲ್ಲ ಪೀಣ್ಯದ ಮಾಲೀಕರು. ಅದಕ್ಕೇ ಹೊಸ ಹುಡುಗರಿಗೆ ಹೇಳುತ್ತೇನೆ: ಎಕ್ಸೆಲ್ ಆಮೇಲೆ, ಮೊದಲು ಕಾರ್ಖಾನೆಗೆ ಹೋಗಿ, ಕೆಲಸ ಮಾಡುವವರ ಜೊತೆ ಮಾತಾಡಿ.

ನಮ್ಮ ಮೊದಲ ಹೂಡಿಕೆ ಯಂತ್ರದ ಬಿಡಿಭಾಗ ಮಾಡುವ ಕಂಪನಿ. ಮಾಲೀಕರು ಹೊಸ ಮೆಷೀನ್ ಕೇಳಿದರು. ನಾವು ಮೊದಲು ಬಾಕಿ ಪಟ್ಟಿ ಕೇಳಿದೆವು. ವಸೂಲಿಗೆಂದೇ ಒಬ್ಬರನ್ನು ನೇಮಿಸಿದೆವು. ಗಿರಾಕಿ ಕಂಪನಿಗಳ ಖರೀದಿ ವಿಭಾಗಕ್ಕೆ ನಾನೇ ಹೋಗಿ ಕೂತೆ. ಸಿಕ್ಕಿಕೊಂಡಿದ್ದ ಹಣ ನಿಧಾನಕ್ಕೆ ಬಂತು. ಮೆಷೀನ್ ಅದೇ ದುಡ್ಡಿನಲ್ಲಿ ಬಂತು, ಸಾಲ ಮಾಡಲಿಲ್ಲ.